ಪೆಟ್ಟಿಗೆಯೊಳಗಿನ ಹಕ್ಕಿ

ನನ್ನ ಅತ್ತೆ ದೋನಾ ಲಿಂಡಿನಾಲ್ವಾರನ್ನು ಮೊದಲು ಕಂಡಾಗ ನನ್ನ ಒಂದು ಕಾಲು ಗಾಳಿಯಲ್ಲಿತ್ತು.

ಒಲಿಂಡಾ ಊರಿನ ಅವರ ಮನೆಯ ಹಿತ್ತಲಲ್ಲಿ ಮರಕಾತು ಎಂಬ ಡೋಲು ಮೆರವಣಿಗೆಯ ಮೇಳದ ಅಭ್ಯಾಸ ನಡೆದಿತ್ತು. ಸೊಂಟಕ್ಕೆ ತೂಗಿಬಿಟ್ಟ ದೊಡ್ಡ ದೊಡ್ಡ ಮರದ ಡೋಲುಗಳು ಗುಡುಗುತ್ತಿದ್ದವು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕೈಯಲ್ಲಿ ತೆಂಗಿನಕಾಯಿ ಮಿಠಾಯಿಯ ಪೊಟ್ಟಣ ಹಿಡಿದು, ಅವರ ಮಗಳು ಜುಸಾರಾಳನ್ನು ಮದುವೆಗೆ ಕೇಳಲು ಹೋಗಿದ್ದ ನಾನು, ಡೋಲುಗಳ ನಡುವಿನಿಂದಲೇ ದಾಟತೊಡಗಿದೆ. ಕಿತ್ತಳೆ ಬಣ್ಣದ ಲಂಗ ತೊಟ್ಟಿದ್ದ ಅವರು ಕೊರಳಲ್ಲಿದ್ದ ತಗಡಿನ ಸೀಟಿಯನ್ನು ಒಮ್ಮೆ ಊದಿದರು. ಡೋಲುಗಳು ಥಟ್ಟನೆ ನಿಂತವು. ನಾನೂ ನಿಂತೆ, ಎತ್ತಿದ ಕಾಲು ಇಳಿಸದೆ!

"ಇದ್ಯಾವುದೇ ಕೊಕ್ಕರೆ?"

"ಅಮ್ಮಾ, ನಾನು ಹೇಳಿದ್ನಲ್ಲ, ಅದೇ ಎಡಿವಾಲ್ಡೊ."

"ಪರವಾಗಿಲ್ಲ, ಸೀಟಿಗೆ ನಿಲ್ತಾನೆ. ಆಗು ಮದುವೆ."

ಎರಡು ಸಲ ಊದಿದರು. ಡೋಲುಗಳು ಮತ್ತೆ ಗುಡುಗಿದವು, ನನ್ನ ಕಾಲೂ ನೆಲ ಕಂಡಿತು. ಒಂದು ಸೀಟಿ ಎಂದರೆ ನಿಲ್ಲು, ಎರಡು ಎಂದರೆ ಬಾರಿಸು. ಆ ಮೇಳದಲ್ಲಿ ಇದಕ್ಕೆ ಮೇಲ್ಮನವಿ ಇಲ್ಲ.

ಆದರೆ ನಾನೇನು ಸಾಮಾನ್ಯನೇ? ಕಬ್ಬಿನ ಗದ್ದೆಗಳ ಊರಿಂದ ಬಂದು ಕಾಲೇಜು ಮೆಟ್ಟಿಲು ಹತ್ತಿದ ನಮ್ಮ ವಂಶದ ಮೊದಲ ಕುಡಿ! ಧ್ವನಿ ತಂತ್ರಜ್ಞಾನದ ಪದವೀಧರ! ಅಜ್ಜಂದಿರ ಮರಕಾತುವಿಗೆ ಎಲೆಕ್ಟ್ರಾನಿಕ್ ಸಂಗೀತದ ರೆಕ್ಕೆ ಕಟ್ಟಿ ಹಾರಿಸಿಯೇ ತೀರುತ್ತೇನೆ ಎಂದು ಒಂದು ಭಾನುವಾರ ಊಟದ ತಟ್ಟೆಯ ಪಕ್ಕದಲ್ಲೇ ನನ್ನ ಧ್ವನಿಯಂತ್ರದ ಪೆಟ್ಟಿಗೆ ಇಟ್ಟು ಘೋಷಿಸಿದೆ.

ಅತ್ತೆ ಕಾಳಿನ ಸಾರು ಬಡಿಸುವುದನ್ನು ನಿಲ್ಲಿಸಿದರು. "ಶನಿವಾರ ಚೌಕದಲ್ಲಿ ನಮ್ಮ ಜೊತೆ ನುಡಿಸು. ತಾಳ ಕೂಡಿದ್ರೆ ಕಾರ್ನಿವಾಲ್ ಮೆರವಣಿಗೇಲಿ ಆ ಪೆಟ್ಟಿಗೆಗೂ ಜಾಗ. ಕೂಡದಿದ್ರೆ ಪೆಟ್ಟಿಗೆ ನನ್ನದು. ಅದರ ಮೇಲೆ ತಪಿಯೋಕಾ ಹಿಟ್ಟು ಒಣಗಿಸ್ತೀನಿ."

ಅವರ ಅಭ್ಯಾಸವನ್ನು ಹಿತ್ತಲಾಚೆಯಿಂದ ಗುಟ್ಟಾಗಿ ಧ್ವನಿಮುದ್ರಿಸಿಕೊಂಡೆ. ಚೂರುಚೂರು ಮಾಡಿ, ಪ್ರತಿ ಸುತ್ತಿಗೂ ಮರಳಿ ಬರುವಂತೆ ಯಂತ್ರದಲ್ಲಿ ಹೆಣೆದೆ. ಒಂದು ಚೂರಿನಲ್ಲಿ ದೂರದಿಂದ 'ಪೀಂ' ಎಂಬ ಮಧುರ ದನಿ! ನಮ್ಮೂರ ಕಬ್ಬಿನ ಗದ್ದೆಯೇ ನೆನಪಾಯಿತು. ಯಂತ್ರದಲ್ಲಿ ಆ ಚೂರಿನ ಗುಂಡಿಗೆ 'ಹಕ್ಕಿ' ಎಂದು ಚೀಟಿ ಅಂಟಿಸಿದೆ.

"ಒಂದ್ಸಲ ಡೋಲಿನವರ ಜೊತೆ ನುಡಿಸಿ ನೋಡಬಾರ್ದಾ?" ಎಂದಳು ಜುಸಾರಾ.

"ಮಹಾ ಕಲಾವಿದರು ಅಚ್ಚರಿ ಹುಟ್ಟಿಸ್ತಾರೆ ಕಣೇ, ಅಭ್ಯಾಸ ಮಾಡಲ್ಲ!"

ಹುಟ್ಟಿತು ಅಚ್ಚರಿ. ಶನಿವಾರ ಚೌಕ ಕಿಕ್ಕಿರಿದಿತ್ತು. ಕಿವಿಗಳ ಮೇಲೆ ಹೆಡ್‌ಫೋನ್ ಕವುಚಿಕೊಂಡು ಯಂತ್ರ ಚಾಲೂ ಮಾಡಿದೆ. ಡೋಲುಗಳು ಭೋರ್ಗರೆದವು. 'ಪೀಂ' ಎಂದಿತು ಹಕ್ಕಿ. ಡೋಲುಗಳು ನಿಂತವು!

ನನಗೆ ತಲೆಬುಡ ತಿಳಿಯಲಿಲ್ಲ. ಅತ್ತೆ ತಮ್ಮ ಸೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡು, ಎರಡು ಸಲ ಊದಿದರು. ಡೋಲುಗಳು ಶುರು. ಹಕ್ಕಿ 'ಪೀಂ'. ಡೋಲುಗಳು ಬಂದ್! ಮುಂದಿನ ಸಾಲಿನ ಅಜ್ಜ ಕೋಲನ್ನು ಗಾಳಿಯಲ್ಲೇ ಹಿಡಿದು ಕೂಗಿದ: "ತಾಯೀ, ಹೊಡೀಲಾ ಬಿಡ್ಲಾ?"

ಡೋಲಿನವರಿಗೆ ನನ್ನ ಸಂಗೀತ ಕೇಳಿಸುತ್ತಿಲ್ಲವೆಂದು ಭಾವಿಸಿ ನಾನು ಸದ್ದು ಏರಿಸಿದೆ. ಹಕ್ಕಿ ಹದ್ದಾಯಿತು!

ಅತ್ತೆ ಸೀದಾ ಚೌಕದ ಟ್ರಾಫಿಕ್ ಪೊಲೀಸನ ಬಳಿಗೆ ನುಗ್ಗಿದರು. "ಏನಪ್ಪಾ, ನಮ್ಮ ಮೇಳಕ್ಕೆ ಸೀಟಿ ಊದೋಕೆ ನಿನಗೇನು ಅಧಿಕಾರ?"

"ನಂದು ಜೇಬಲ್ಲಿದೆ ತಾಯೀ! ನೋಡಿ, ನಂದರ ದನಿಯೇ ಬೇರೆ," ಎಂದು ಅವನು ಊದಿ ತೋರಿಸಿದ.

ಒಂದು ಬಸ್ಸು ಕಿರ್ರೆಂದು ನಿಂತಿತು. ಅದರ ಹಿಂದಿನ ಬಸ್ಸೂ ನಿಂತಿತು. ಬಸ್ಸಿಗೆ ದಾರಿ ಬಿಡಿಸಲು ಅವನು ಪಟಪಟನೆ ಎರಡು ಸಲ ಊದಿದ. ಡೋಲುಗಳು ಶುರುವಾದವು! ಹಕ್ಕಿ ಕೂಗಿತು, ಡೋಲು ನಿಂತಿತು, ಹೊರಟ ಬಸ್ಸೂ ನಿಂತಿತು. ತಾಳ ತಪ್ಪಿದ ಮೇಲೆ ತಾಳ್ಮೆ ಉಳಿದೀತೇ? ಬಸ್ಸಿನವರು ಡೋಲಿನವರನ್ನು, ಡೋಲಿನವರು ಪೊಲೀಸನನ್ನು, ಪೊಲೀಸ್ ಅತ್ತೆಯನ್ನು ಬಯ್ಯತೊಡಗಿದರು. ನಾನೂ ಯಾರನ್ನಾದರೂ ಬಯ್ಯಬೇಕೆಂದು ಹುಡುಕುತ್ತಿದ್ದೆ.

ಅಷ್ಟರಲ್ಲಿ ಜುಸಾರಾ ಓಡಿಬಂದು ನನ್ನ ಹೆಡ್‌ಫೋನ್ ಕಿತ್ತಳು. "ಏನದು ಪೀಂ ಪೀಂ ಅಂತಿರೋದು?"

"ಹಕ್ಕಿ ಕಣೇ. ನಮ್ಮೂರ ಕಡೇದು."

ಅವಳು ಬಗ್ಗಿ ಒಂದೇ ಸುತ್ತು ಕೇಳಿದಳು. "ಅದು ಹಕ್ಕಿಯಲ್ಲ ದಡ್ಡ, ನಮ್ಮಮ್ಮ!"

ನಾನು ಯಂತ್ರ ಆರಿಸಿದೆ. ಅತ್ತೆ ಬಂದು ನನ್ನೆದುರು ನಿಂತರು. ಈಗ ತಪಿಯೋಕಾ ಹಿಟ್ಟಿನ ಜೊತೆ ನನ್ನನ್ನೂ ಒಣಗಿಸುತ್ತಾರೆಂದು ಕಣ್ಣು ಮುಚ್ಚಿದೆ.

"ಯಾವ ಗುಂಡಿ?"

ತೋರಿಸಿದೆ. ಯಂತ್ರವನ್ನು ಮತ್ತೆ ಚಾಲೂ ಮಾಡಿದೆ. ಒತ್ತಿದರು. 'ಪೀಂ!' ಚೌಕದ ಆ ತುದಿಯಲ್ಲಿ ನಡೆದು ಹೋಗುತ್ತಿದ್ದ ಡೋಲಿನ ಅಜ್ಜ ಗಕ್ಕನೆ ನಿಂತ. ಅತ್ತೆಯ ಮುಖ ಅರಳಿತು.

"ಇಷ್ಟು ವರ್ಷ ಊದಿ ಊದಿ ನನ್ನ ಕೆನ್ನೆ ಜೋತುಬಿದ್ದವಲ್ಲೋ! ಇದು ಬೆರಳಲ್ಲೇ ಆಗುತ್ತಾ?"

"ಆಗುತ್ತೆ ಅತ್ತೆ. ಹಾಗಾದ್ರೆ ಮೆರವಣಿಗೇಲಿ ಜಾಗ..."

"ಪೆಟ್ಟಿಗೆಗೆ ಇದೆ. ನಿನಗೆ ಯೋಚನೆ ಮಾಡೋಣ."

ಜಗತ್ತಿನಲ್ಲಿ ಸೀಟಿಯಿಂದ ಸೀಟು ಕಳೆದುಕೊಂಡವನು ನಾನೊಬ್ಬನೇ ಇರಬೇಕು.

ದೋನಾ ಲಿಂಡಿನಾಲ್ವಾ ಈಗ ಮೇಳದ ಮುಂದೆ ಯಂತ್ರ ನುಡಿಸುತ್ತಾರೆ. ನಾನು ಬ್ಯಾಟರಿ ಹೊತ್ತು ಅವರ ಹಿಂದೆ ನಡೆಯುತ್ತೇನೆ. ಹಕ್ಕಿ ಕೂಗಿದರೆ ನಿಲ್ಲುತ್ತೇನೆ.