ಮಾವನ ದೋಣಿಯ ಮೋಟಾರು

"ಸಾಯಂಕಾಲ ನಾವಿಬ್ಬರೂ ಬರ್ತಿದ್ದೀವಿ" ಎಂದಷ್ಟೇ ಹೇಳಿ ಮಾವ ಫೋನು ಇಟ್ಟಿದ್ದರೆ ಟೈಲರ್‌ನ ಭಾನುವಾರ ಸುಖವಾಗಿ ಕಳೆದುಹೋಗುತ್ತಿತ್ತು. ಆದರೆ ಮಾವ ಇನ್ನೊಂದು ಮಾತು ಸೇರಿಸಿದರು.

"ಆ ಹಳೇ ಮೋಟಾರಿನ ತಂಟೆಗೆ ಮಾತ್ರ ಹೋಗ್ಬೇಡಿ ಅಳಿಯಂದ್ರೇ. ದೊಡ್ಡ ಅಳಿಯಂದ್ರೇ ಬಿಚ್ಚಿ ನೋಡಿ ಆಗಲ್ಲ ಅಂದಿದ್ದಾರೆ. ನಿಮ್ಮ ಕೈಲೇನಾಗುತ್ತೆ."

ದೊಡ್ಡ ಅಳಿಯ ಎಂದರೆ ಟೈಲರ್‌ನ ಷಡ್ಡಕ, ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕ. ಟೈಲರ್ ಹೊಲಿದುಕೊಟ್ಟ ಅಂಗಿಯನ್ನೇ ತೊಟ್ಟು, ಟೈಲರ್‌ನ ಮನೆಯಲ್ಲೇ ಕುಳಿತು, ಮಾವ ಷಡ್ಡಕನನ್ನು ಹೊಗಳುವುದು ವಾಡಿಕೆ. ಒಂದೇ ಒಂದು ಸಲ ಆ ಬಾಯಿಂದ ತನಗೂ ಒಂದು 'ಭೇಷ್' ಬರಬೇಕೆಂಬುದು ಟೈಲರ್‌ನ ಬಹುದಿನಗಳ ಆಸೆ. ಪಾಪ, ಅದಕ್ಕಿಂತ ಹೆಚ್ಚಿನದೇನನ್ನೂ ಅವನು ಬಯಸಿದವನಲ್ಲ.

ಮನೆಯ ಹಿಂದೆಯೇ ದೊಡ್ಡ ಕೆರೆ. ಮಾವನ ದೋಣಿಯನ್ನು ಅಲ್ಲೇ ಕಟ್ಟಿಹಾಕಲಾಗಿತ್ತು. ಅದರ ಬೆನ್ನಿಗೆ ಸಿಕ್ಕಿಸುವ ಮೋಟಾರು ಎರಡು ವರ್ಷದಿಂದ ಕೊಟ್ಟಿಗೆಯಲ್ಲಿ ಗೋಣಿತಾಟು ಹೊದ್ದು ಮಲಗಿತ್ತು. ಟೈಲರ್ ಅದನ್ನು ಹಿತ್ತಲಿಗೆ ಎಳೆದು ತಂದ. ಹೊಲಿಗೆಯಂತ್ರವೊಂದನ್ನು ಬಿಟ್ಟು ಇನ್ನಾವ ಯಂತ್ರವನ್ನೂ ಅವನು ಬಿಚ್ಚಿದವನಲ್ಲ.

ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದಳು: "ಬಿಚ್ಚೋದು ಬಿಚ್ಚಿ, ಬೇಡ ಅನ್ನಲ್ಲ. ಅಪ್ಪ ಬರೋ ಹೊತ್ತಿಗೆ ಮೊದಲು ಕೆಟ್ಟಿದ್ದ ಹಾಗಾದ್ರೂ ಇರ್ಲಿ."

ತುಕ್ಕು ಹಿಡಿದ ತಿರುಪುಗಳು ಅಲುಗಲಿಲ್ಲ. ಹೆಂಡತಿ ತಲೆಗೆ ಹಚ್ಚುವ ಎಣ್ಣೆ ಪೂರ್ತಿ ಖರ್ಚಾದ ಮೇಲೆ ಒಂದೊಂದೇ ಸಡಿಲವಾದವು. ಟೈಲರ್ ತನ್ನ ಕಸುಬಿನ ಬುದ್ಧಿಯನ್ನೇ ಉಪಯೋಗಿಸಿದ. ಹಳೆಯ ಬೆಡ್‌ಶೀಟು ಹಾಸಿ, ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಅದರ ಮೇಲಿಟ್ಟ. ಕೊನೆಗೆ ಜೋಡಿಸುವಾಗ ಹಿಂದಿನಿಂದ ಮುಂದಕ್ಕೆ ಬಂದರಾಯಿತು. ತೋಳು, ಕಾಲರು, ಜೇಬು ಇಟ್ಟುಕೊಂಡ ಹಾಗೆ ಎಲ್ಲ ಲೆಕ್ಕವಾಗಿತ್ತು.

ಕೈ ತೊಳೆಯಲು ಒಳಗೆ ಹೋಗಿ ಬರುವಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬೇಲಿ ದಾಟಿ ಬಂದು ಬೆಡ್‌ಶೀಟಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದರು. ಜೀವನವಿಡೀ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿದ ಕೈ ಅದು, ಸುಮ್ಮನಿರುವುದು ಹೇಗೆ? ಅಷ್ಟೂ ಭಾಗಗಳನ್ನು ಅವರು ಎತ್ತರದ ಪ್ರಕಾರ ಸಾಲಾಗಿ ಜೋಡಿಸಿಬಿಟ್ಟಿದ್ದರು, ಗಿಡ್ಡದ್ದು ಮುಂದೆ, ಉದ್ದದ್ದು ಹಿಂದೆ.

"ಎಲ್ಲ ಅಡ್ಡಾದಿಡ್ಡಿ ಬಿದ್ದಿತ್ತಪ್ಪ, ಶಿಸ್ತು ಮಾಡಿದೆ" ಎಂದರು.

ಟೈಲರ್‌ಗೆ ಅಳು ಬಂತು. ಅಷ್ಟರಲ್ಲಿ ಎದುರುಮನೆಯ ಬಸ್ ಡ್ರೈವರ್ ಕೂಡ ಬಂದ. ಇಂಜಿನ್ ಎಂದರೆ ಇಂಜಿನ್, ಬಸ್ಸಿನದಾದರೇನು ದೋಣಿಯದಾದರೇನು ಎಂದು ಅವನ ವಾದ. ಎರಡೂ ಬೇರೆ ಎಂದು ಮೇಷ್ಟ್ರ ವಾದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಒಬ್ಬರು ಕೂರಿಸಿದ್ದನ್ನು ಇನ್ನೊಬ್ಬರು ಕೀಳುತ್ತ ಮಧ್ಯಾಹ್ನವಾಯಿತು. ನಡುವೆ ಹೆಂಡತಿ ಇಬ್ಬರಿಗೂ ಊಟ ಬಡಿಸಬೇಕಾಯಿತು. ಊಟವಾದ ಮೇಲೆ ಇಬ್ಬರೂ ಅಲ್ಲೇ ಮರದ ನೆರಳಿನಲ್ಲಿ ನಿದ್ದೆಹೋದರು. ಕೆಲಸ ಮುಂದುವರಿದದ್ದು ಆಗಲೇ.

ಪೆಟ್ರೋಲ್ ಹರಿಯುವ ಕೊಳವೆಯನ್ನು ಊದಿ ನೋಡಿದರೆ ಗಾಳಿ ಹೋಗಲಿಲ್ಲ. ಟೈಲರ್ ತಂತಿಯಿಂದ ಕೆದಕಿದಾಗ ಒಳಗಿಂದ ಒಂದು ಬಟ್ಟೆಯ ಉಂಡೆ ಹೊರಬಂತು. ಇಲಿಯ ಕೆಲಸವಿರಬೇಕೆಂದುಕೊಂಡು ಎಸೆದ. ಭಾಗಗಳ ನಡುವೆ ಸೋರದಂತೆ ಇಡುವ, ಹರಿದುಹೋಗಿದ್ದ ಗ್ಯಾಸ್ಕೆಟ್ಟಿಗೆ ಬದಲಾಗಿ ರಟ್ಟಿನ ಮೇಲೆ ಗುರುತು ಹಾಕಿ ಹೊಸದನ್ನು ಕತ್ತರಿಸಿದ. ಅದು ಅಳತೆ ಕೊಟ್ಟು ಹೊಲಿಸಿದ ಕೋಟಿನಂತೆ ಕೂತಿತು. ಎಲ್ಲ ಜೋಡಿಸಿದ ಮೇಲೆ ಮೂರು ತಿರುಪು, ಎರಡು ವಾಷರ್ ಉಳಿದವು. ಬಟ್ಟೆ ಉಳಿಸುವವನೇ ಜಾಣ ಟೈಲರ್, ಆದ್ದರಿಂದ ಅವನು ಹೆದರದೆ ಅವನ್ನು ಗುಂಡಿಯ ಡಬ್ಬಿಗೆ ಹಾಕಿಕೊಂಡ.

ನೀರು ತುಂಬಿದ ಡ್ರಮ್ಮಿಗೆ ಮೋಟಾರು ಸಿಕ್ಕಿಸಿ ಹಗ್ಗ ಎಳೆದ. ಮೊದಲ ಎಳೆತಕ್ಕೆ ಏನೂ ಆಗಲಿಲ್ಲ, ನಿದ್ದೆ ಮುಗಿಸಿದ ಇಬ್ಬರೂ ಎದ್ದು ಬಂದು ಹಿಂದೆ ಕುಳಿತರು. ಮತ್ತೊಮ್ಮೆ ಎಳೆದಾಗ ಹಗ್ಗ ಕಿತ್ತುಬಂದು ಅವನೇ ಮೇಷ್ಟ್ರ ಮಡಿಲಲ್ಲಿ ಬಿದ್ದ. ಕೋಟಿಗೆ ಹಾಕುವ ಗಟ್ಟಿ ದಾರ ನಾಲ್ಕೆಳೆ ಹೊಸೆದು ಕಟ್ಟಿ ಇನ್ನೊಮ್ಮೆ ಎಳೆದಾಗ ಮೋಟಾರು ಕೆಮ್ಮಿ, ಸೀನಿ, ಗುಡುಗಿತು. ಡ್ರಮ್ಮಿನ ಅರ್ಧ ನೀರು ಡ್ರೈವರ್‌ನ ಮೇಲೆ, ಉಳಿದರ್ಧ ಹಿತ್ತಲ ಬಾಗಿಲಿಗೆ ನೇತುಹಾಕಿದ್ದ ಗಿರಾಕಿಯೊಬ್ಬನ ಇಸ್ತ್ರಿಯಾದ ಕೋಟಿನ ಮೇಲೆ ಬಿತ್ತು. ಆದರೂ ಮೂವರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಒದ್ದೆ ಕೋಟಿನ ಚಿಂತೆ ನಾಳೆಗಾಯಿತು.

ಸಾಯಂಕಾಲ ಅತ್ತೆ ಮಾವ ಬಂದಾಗ ಮೋಟಾರು ದೋಣಿಯ ಬೆನ್ನೇರಿತ್ತು. ಟೈಲರ್ ಮಾತಾಡದೆ ಹಗ್ಗ ಎಳೆದ. ಒಂದೇ ಎಳೆತಕ್ಕೆ ಅದು ಹೊಡೆದುಕೊಳ್ಳತೊಡಗಿತು. ಮಾವನ ಬಾಯಿ ತೆರೆದೇ ಉಳಿಯಿತು. ಅತ್ತೆಯ ಮುಖವಂತೂ ಹಿಗ್ಗಿ ಹೀರೇಕಾಯಿಯಾಯಿತು. ಚೀಲ ಹಿಡಿದುಕೊಂಡೇ ಅವರು ದೋಣಿ ಹತ್ತಿ ಮುಂದುಗಡೆ ಕುಳಿತರು.

"ನಡೀರಿ, ಆಚೆ ದಡಕ್ಕೆ, ನನ್ನ ತಮ್ಮನ ಮನೆಗೆ. ಅವನ ಮುಖ ನೋಡಿ ಎಷ್ಟು ದಿನ ಆಯ್ತು" ಎಂದು ತಮ್ಮನಿಗೆ ಫೋನು ಮಾಡತೊಡಗಿದರು.

ದೋಣಿ ಹೊರಟಿತು. ಅಳಿಯ ಎಂದರೆ ನೀವು, ಇನ್ನು ಪ್ರತಿ ಭಾನುವಾರವೂ ಹೀಗೇ ಹೋಗಿಬರೋಣ ಎಂದು ಅತ್ತೆ ಹಿಂತಿರುಗಿ ಕೂಗಿ ಹೇಳಿದರು. ಟೈಲರ್‌ನ ಎದೆ ಉಬ್ಬಿತು. ಈಗಲಾದರೂ ಆ ಒಂದು ಮಾತು ಬರಬಹುದೆಂದು ಮಾವನತ್ತ ನೋಡಿದ.

ಮಾವ ಅವನ ಕಿವಿಗೆ ಬಾಯಿ ತಂದರು. ಮೋಟಾರಿನ ಸದ್ದಿನಲ್ಲಿ ಅತ್ತೆಗೆ ಅದು ಕೇಳಿಸುವಂತಿರಲಿಲ್ಲ.

"ಅವಳ ತಮ್ಮ ತನ್ನ ಹೊಟ್ಟೆನೋವಿನ ಕತೆ ಶುರು ಮಾಡಿದ್ರೆ ಕತ್ತಲಾಗೋವರೆಗೂ ಬಿಡಲ್ಲ. ವಾರ ವಾರ ಕೇಳಿ ಕೇಳಿ ಸಾಕಾಗಿ, ಆ ಪೈಪಿಗೆ ಬಟ್ಟೆ ತುರುಕಿದ್ದು ನಾನೇ."

ಹಾಗಾದರೆ ಷಡ್ಡಕನಿಗೆ ಯಾಕೆ ಆಗಲಿಲ್ಲ ಎಂದು ಟೈಲರ್ ಕೇಳಲು ಹೊರಟ.

"ದೊಡ್ಡ ಅಳಿಯಂದ್ರಿಗೂ ಬಟ್ಟೆ ಸಿಕ್ಕಿತ್ತು. ನನ್ನ ಮುಖ ಒಂದು ಸಲ ನೋಡಿದ್ರು, ತಿರುಗಿ ಅಲ್ಲೇ ತುರುಕಿ ಮುಚ್ಚಿದ್ರು" ಎಂದು ಮಾವ ನಿಟ್ಟುಸಿರು ಬಿಟ್ಟರು. "ಅದಕ್ಕೇ ನೋಡಿ, ಅವರನ್ನ ಕಂಡ್ರೆ ನನಗೆ ಅಷ್ಟು ಇಷ್ಟ. ಇನ್ನು ಪ್ರತಿ ಭಾನುವಾರ ನೀವೂ ನನ್ನ ಪಕ್ಕದಲ್ಲೇ ಕೂತು ಕೇಳಿ."

ಎದುರು ದಡದಲ್ಲಿ ಅತ್ತೆಯ ತಮ್ಮ ಆಗಲೇ ಬಂದು ನಿಂತಿದ್ದ. ಒಂದು ಕೈ ಬೀಸುತ್ತಿದ್ದ, ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು.