ಮುಖ ಮರೆಸುವ ಕನ್ನಡಕ

ಬೀದಿಯ ತಿರುವಿನ ಕಂಬಕ್ಕೆ ಒಂದು ಕ್ಯಾಮೆರಾ ಬಂದು ಕೂತದ್ದೇ ಕನ್ನಡಕದ ಮಾವನ ನೆಮ್ಮದಿ ಕೆಡಿಸಿತು. ಆಯುಸ್ಸಿಡೀ ಕನ್ನಡಕದ ಅಂಗಡಿಯಲ್ಲಿ ಕೂತು ಊರವರ ಕಣ್ಣಿನೊಳಗೆ ಇಣುಕಿದವನಿಗೆ, ತನ್ನನ್ನು ಇನ್ನೊಂದು ಕಣ್ಣು ದಿಟ್ಟಿಸುವುದನ್ನು ಮಾತ್ರ ಸಹಿಸಲಾಗಲಿಲ್ಲ. ಸರ್ಕಾರದ ಗುರುತಿನ ಚೀಟಿಯನ್ನೂ ಆತ ಇದೇ ಹಟಕ್ಕೆ ಮಾಡಿಸಿರಲಿಲ್ಲ.

"ನನ್ನ ಮುಖ ನನ್ನದು. ಯಾರಿಗೂ ಕೊಡಲ್ಲ" ಎನ್ನುತ್ತಿದ್ದ.

"ಕೇಳಿದೋರು ಯಾರೋ?" ಎನ್ನುತ್ತಿದ್ದಳು ಅವನ ಅಕ್ಕ.

ಮುಚ್ಚಿದ ಅಂಗಡಿಯ ಹಳೆಯ ಫ್ರೇಮುಗಳನ್ನು ಹರವಿಕೊಂಡು, ಅಂಚಿಗೆಲ್ಲ ಕನ್ನಡಿ ಚೂರು ಕೂರಿಸಿ, ಯಾವ ಕ್ಯಾಮೆರಾಕ್ಕೂ ಗುರುತು ಸಿಗದಂಥ ಕನ್ನಡಕವೊಂದನ್ನು ಮಾವ ಕೊನೆಗೂ ತಯಾರಿಸಿದ. ಹಾಕಿಕೊಂಡರೆ ತೂಗುದೀಪದ ಗೊಂಚಲಿಗೆ ಮೂಗು ಮೂಡಿದ ಹಾಗೆ ಕಾಣುತ್ತಿದ್ದ. ಯಾರಾದರೂ ಕದಿಯುವ ಮೊದಲು ಪೇಟೆಂಟ್ ಮಾಡಿಸಬೇಕು. ಚೀಟಿಯಿಲ್ಲದವನಿಗೆ ಸಾಕ್ಷಿಗಳಾದರೂ ಬೇಕಲ್ಲ. ಅಕ್ಕನಿಂದಲೂ ಪಕ್ಕದ ಮನೆಯ ಕ್ಷೌರಿಕನಿಂದಲೂ ಗುಟ್ಟು ಬಿಟ್ಟುಕೊಡೆವೆಂದು ಆಣೆ ಹಾಕಿಸಿ ಕರೆದುಕೊಂಡು ಹೊರಟ. ಬಸ್ಸು ಇಳಿಯುವಷ್ಟರಲ್ಲಿ ಕಂಡಕ್ಟರ್ ತನಗೂ ಒಂದು ಬೇಕೆಂದ.

ಪೇಟೆಂಟ್ ಕಚೇರಿಯ ಬಾಗಿಲಿಗೂ ಮುಖ ನೋಡುವ ಯಂತ್ರವೇ. ಮಾವ ಕನ್ನಡಕ ಏರಿಸಿ ಎದುರು ನಿಂತ. ಯಂತ್ರ ಮಿಸುಕಲಿಲ್ಲ.

"ಗೊತ್ತಿಲ್ಲದೋರು ಬಂದ್ರೆ 'ಅಪರಿಚಿತರು' ಅಂತಾದ್ರೂ ಕೂಗುತ್ತೆ" ಎಂದ ಮುದಿ ಕಾವಲುಗಾರ ಅಚ್ಚರಿಯಿಂದ. "ನೀವು ನಿಂತಿರೋದೇ ಅದಕ್ಕೆ ಗೊತ್ತಾಗ್ತಿಲ್ಲ."

ಮಾವನ ಎದೆ ಉಬ್ಬಿತು.

"ಮೊದಲು ನಾನೇ ಮುಖ ನೋಡಿ ಒಳಗೆ ಬಿಡ್ತಿದ್ದೆ" ಕಾವಲುಗಾರ ನಿಟ್ಟುಸಿರಿಟ್ಟ. "ಈಗ ಅದು ಜನಾನ ನೋಡುತ್ತೆ, ನಾನು ಅದನ್ನ ನೋಡ್ಕೋತೀನಿ."

"ಆಗೆಲ್ಲ ಚೀಟಿ ಯಾಕೆ ಬೇಕಿತ್ತು?" ಎಂದ ಮಾವ. " ಇಂಥೋರ ಮನೆಯವನು ಅಂದ್ರೆ ಕುರ್ಚಿ ಕೊಡ್ತಿದ್ರು. ನಾನು ಮೂಗಿನ ಮೇಲಿನ ಗುರುತು ನೋಡೇ ಯಾರ ಕನ್ನಡಕ ಅಂತ ಹೇಳ್ತಿದ್ದೆ."

ಇಬ್ಬರೂ ಹೊಸ್ತಿಲಲ್ಲೇ ಹಳೆಯ ಕಾಲಕ್ಕೆ ಜಾರಿಬಿಟ್ಟರು. ಹಿಂದೆ ಸಾಲು ಬೆಳೆಯಿತು. ಗದ್ದಲ ಕೇಳಿ ಅಧಿಕಾರಿಣಿಯೇ ಹೊರಬಂದಳು. ಕನ್ನಡಕವನ್ನೂ ಸುಮ್ಮನಿದ್ದ ಯಂತ್ರವನ್ನೂ ನೋಡಿ ತಲೆದೂಗಿದಳು.

"ಹೇಗೆ ಮಾಡಿದ್ರಿ ಅಂತ ಪೂರ್ತಿ ಬರೆದುಕೊಡಿ. ನಾವು ಪ್ರಕಟಿಸ್ತೀವಿ."

"ಗುಟ್ಟು ಉಳಿಸ್ಕೊಳ್ಳೋಕಲ್ವಾ ನಾನು ಬಂದಿರೋದು?"

"ಊರಿಗೆಲ್ಲ ಹೇಳಿದ ಮೇಲೇ ಅದು ನಿಮ್ಮದು ಅಂತಾಗೋದು."

"ಅದಕ್ಕೆ ನಮ್ಮಕ್ಕನೇ ಸಾಕಿತ್ತಲ್ಲ" ಎಂದ ಮಾವ.

ತನ್ನ ಮಾತು ಬಂದದ್ದೇ ಅಕ್ಕ ಮುಂದೆ ಬಂದಳು. "ಚೀಟಿ ಇಲ್ಲದಿದ್ರೇನು, ಇವನು ನನ್ನ ತಮ್ಮನೇ, ತಾಯಿ. ಮೀಸೆ ಚಿಗುರೋವರೆಗೂ ಗುಡುಗಿಗೆ ಹೆದರಿ ನನ್ನ ಸೆರಗಲ್ಲಿ ಮುಖ ಮುಚ್ಕೋತಿದ್ದ."

"ಆ ಮೀಸೆಗೆ ಈಗ ಬಣ್ಣ ಹಚ್ಚೋನು ನಾನು" ಎಂದ ಕ್ಷೌರಿಕ. "ನೆತ್ತಿ ಹಿಂದೆ ಗಾಯದ ಗುರುತಿದೆ. ಎದುರು ಮನೆ ಹುಡುಗೀನ ನೋಡೋಕೆ ಗೋಡೆ ಹತ್ತಿ ಬಿದ್ದದ್ದು."

ಸಾಲಿಗೆ ಸಾಲೇ ನಕ್ಕಿತು. ಮಾವ ಮಾತ್ರ ಗಾಯದ ಗುರುತನ್ನು ಮೆಲ್ಲಗೆ ಸವರಿಕೊಂಡ. ಆ ಹುಡುಗಿ ಕೊನೆಗೆ ಅವನ ಕೈಹಿಡಿದಿದ್ದಳು, ತೀರಿಹೋಗಿ ವರ್ಷಗಳಾಗಿದ್ದವು. ಗೋಡೆಯ ಮೇಲಿಂದ ಕಂಡ ಎರಡು ಜಡೆಯೇ ಇನ್ನೂ ಕಣ್ಣಲ್ಲಿತ್ತು.

"ಇಷ್ಟೆಲ್ಲ ತಿಳಿದ್ರೂ ಚೀಟಿ ಇಲ್ಲದೆ ಅರ್ಜಿ ತಗೊಳ್ಳೋ ಹಾಗಿಲ್ಲ" ಎಂದಳು ಅಧಿಕಾರಿಣಿ. "ಆ ಜಗಲಿ ಕಿಟಕೀಲಿ ಈಗಲೇ ಮಾಡಿಕೊಡ್ತಾರೆ."

ಕನ್ನಡಕ ಉಳಿಯಬೇಕಾದರೆ ಮುಖ ಕೊಡಲೇಬೇಕು. ಮಾವ ಹಲ್ಲು ಕಚ್ಚಿಕೊಂಡು ಮುಖ ಕೊಟ್ಟ, ಕಣ್ಣು ಕೊಟ್ಟ, ಬೆರಳುಗಳನ್ನೆಲ್ಲ ಒತ್ತಿ ಕೊಟ್ಟ. ಬಿಸಿಬಿಸಿ ಚೀಟಿ ಹಿಡಿದು, ಕನ್ನಡಕ ಏರಿಸಿಕೊಂಡು ಮತ್ತೆ ಬಾಗಿಲಿಗೆ ಬಂದ.

ಏಣಿಯಿಂದ ಇಳಿಯುತ್ತಿದ್ದ ಎಲೆಕ್ಟ್ರಿಷಿಯನ್ ಕೈ ಒರೆಸಿಕೊಳ್ಳುತ್ತ ಹೇಳಿದ: "ಬೆಳಗ್ಗೆಯಿಂದ ಇದಕ್ಕೆ ಕರೆಂಟೇ ಇರ್ಲಿಲ್ಲ. ಈಗ ಸರಿಹೋಯ್ತು."

ಯಂತ್ರ ಕಣ್ಣು ಬಿಟ್ಟಿತು. ಕನ್ನಡಿ ಚೂರುಗಳನ್ನು ಲೆಕ್ಕಕ್ಕೇ ಇಡದೆ, ಮಾವನ ಹೆಸರನ್ನು ಅವನಪ್ಪನ ಹೆಸರು ಸಮೇತ, ಒಂದಕ್ಷರ ನುಂಗದೆ, ಇಡೀ ಸಾಲಿಗೆ ಕೇಳುವಂತೆ ಕೂಗಿತು. ಅಧಿಕಾರಿಣಿ ಕೊಡಲೆಂದು ಚಾಚಿದ್ದ ಅರ್ಜಿಯ ಹಾಳೆಯನ್ನು ಸದ್ದಿಲ್ಲದೆ ಹಿಂದಕ್ಕೆ ತೆಗೆದುಕೊಂಡಳು.

ಅಷ್ಟುದ್ದದ ಹೆಸರು ಹಿಡಿದು ಅವನನ್ನು ಯಾರಾದರೂ ಕರೆದು ಎಷ್ಟು ಕಾಲವಾಗಿತ್ತೋ. ಹಾಗೆ ಕರೆಯುತ್ತಿದ್ದವರು ಶಾಲೆಯ ಮೇಷ್ಟ್ರೊಬ್ಬರೇ. ಮಾವ ತನಗರಿವಿಲ್ಲದೆಯೇ ನೆಟ್ಟಗೆ ನಿಂತು, ಕೈ ಕಟ್ಟಿಕೊಂಡು ಹೇಳಿದ:

"ಹಾಜರ್, ಸಾರ್."