ನಾನು ಕೈ ಮುಗಿದು ಹಂಚಿದ ಲಾಡು

ಜವಾಬ್ದಾರಿ ಎಂದರೆ ನನಗೆ ಮೊದಲಿನಿಂದಲೂ ಬಹಳ ಇಷ್ಟ. ಜವಾಬ್ದಾರಿಗೂ ನಾನು ಇಷ್ಟವೇ ಎಂದು ಕೇಳುವ ಪ್ರಮೇಯ ಮೊನ್ನೆ ಮೊನ್ನೆಯವರೆಗೆ ಬಂದಿರಲಿಲ್ಲ.

ಮಾರಂಡಹಳ್ಳಿಯ ಹತ್ತಿರ ನನ್ನ ಮಗಳು ಇನಿಯಾ ಓದುವ ಶಾಲೆಯಲ್ಲಿ ಕುಡಿಯುವ ನೀರಿನ ಟ್ಯಾಂಕ್ ಸೀಳಿಹೋಗಿತ್ತು. ಮಕ್ಕಳು ಮನೆಯಿಂದಲೇ ನೀರು ಹೊರಬೇಕು. ಇನಿಯಾ ಪುಸ್ತಕದ ಚೀಲದ ಜೊತೆ ದೊಡ್ಡ ಬಾಟಲಿಯನ್ನೂ ಹೊತ್ತು, ಒಂದು ಕಡೆ ವಾಲಿಕೊಂಡು ನಡೆಯುವುದನ್ನು ನೋಡಿದರೆ ಕರುಳು ಚುರುಕ್ ಎನ್ನುತ್ತಿತ್ತು. ಹೊಸ ಟ್ಯಾಂಕಿಗಾಗಿ ಪೋಷಕರ ಗುಂಪಿನ ತಾಯಂದಿರು ರಾಗಿ ಲಾಡು ಕಟ್ಟಿದರು. ಅದನ್ನು ಹಳದಿ ಬಟ್ಟೆ ಚೀಲಗಳಲ್ಲಿ ತುಂಬಿ ಓಮಲೂರು ಬಸ್ ನಿಲ್ದಾಣದ ಬಳಿ ಮಾರುವುದೆಂದು ತೀರ್ಮಾನವಾಯಿತು.

ಅದೇ ದಿನ ಓಮಲೂರಿನಲ್ಲೇ ನನ್ನ ಹೆಂಡತಿ ಮಾದೇವಿಯ ಚಿಕ್ಕಪ್ಪನ ಮಗಳ ಮದುವೆ. ಲಾಡು ಮೂಟೆಗಳನ್ನು ನಾನೇ ತರುತ್ತೇನೆಂದು ಗುಂಪಿನಲ್ಲಿ ಘೋಷಿಸಿದೆ. ಬೆಳಿಗ್ಗೆ ಮದುವೆ, ಮಧ್ಯಾಹ್ನ ಅಂಗಡಿ. ಒಂದೇ ಕಲ್ಲಿಗೆ ಎರಡು ಹಕ್ಕಿ! ಕಲ್ಲು ನನ್ನ ತಲೆಗೇ ವಾಪಸ್ ಬರುತ್ತದೆಂದು ಯಾರೂ ಹೇಳಲಿಲ್ಲ.

ಮದುವೆ ಮಂಟಪದ ಬಾಗಿಲ ಪಕ್ಕ ಆಗಲೇ ಒಂದು ಸಾಲು ಮೂಟೆಗಳಿದ್ದವು. ಜೊತೆಗಿರಲಿ ಎಂದು ನಮ್ಮವನ್ನೂ ಅಲ್ಲೇ ಇಟ್ಟೆ. ನಮ್ಮ ಕಡೆ ಮದುವೆ ಊಟ ಮುಗಿಸಿ ಹೊರಟವರಿಗೆ ತಾಂಬೂಲದ ಚೀಲ ಕೊಡುತ್ತಾರೆ. ಒಳಗೆ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ. ಚೀಲ ಹಳದಿ ಬಟ್ಟೆಯದು. ಇದು ಹುಟ್ಟಿದ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. ಗೊತ್ತಿದ್ದು ಏನು ಪ್ರಯೋಜನ!

ಊಟವಾದ ಮೇಲೆ ಚಿಕ್ಕಪ್ಪ ನನ್ನ ಭುಜ ತಟ್ಟಿದರು. "ಮಾಪ್ಳೆ, ಬಾಗ್ಲಾಗೆ ನಿಂತು ಬಂದೋರ್ಗೆಲ್ಲ ತಾಂಬೂಲ ಕೊಡಪ್ಪ. ನಿನ್ನಂಗೆ ಪೊರುಪ್ಪಾಗಿರೋರು ಯಾರವ್ರೆ?"

ಪೊರುಪ್ಪು ಎಂದರೆ ನಮ್ಮ ಕಡೆ ಜವಾಬ್ದಾರಿ. ಮನೆಯ ಅಳಿಯನಿಗೆ ಇದಕ್ಕಿಂತ ಗೌರವ ಇನ್ನೇನು ಬೇಕು? ಕೈಗೆ ಸಿಕ್ಕ ಮೂಟೆಗಳನ್ನು ಒಂದೊಂದಾಗಿ ಬಿಚ್ಚಿದೆ. ಕೈ ಮುಗಿದೆ, ಕೊಟ್ಟೆ. ಮಕ್ಕಳ ಕೆನ್ನೆ ಸವರಿ ಇನ್ನೊಂದು ಕೊಟ್ಟೆ. ಚೀಲ ಇಷ್ಟು ಹಗುರವೇಕೆ ಎಂದು ಒಮ್ಮೆ ಅನ್ನಿಸಿದ್ದು ನಿಜ. ಚಿಕ್ಕಪ್ಪ ಜಿಪುಣ, ಕಾಯಿ ಸಣ್ಣದು ತಂದಿದ್ದಾರೆ ಎಂದು ಸಮಾಧಾನ ಮಾಡಿಕೊಂಡೆ.

ಮೆಟ್ಟೂರು ಕಡೆಯ ಅಜ್ಜಿಯೊಬ್ಬರು ಚೀಲ ಮೂಸಿ, "ತುಪ್ಪದ ವಾಸ್ನೆ ಗಮ್ ಅಂತೈತಲ್ಲಪ್ಪಾ!" ಎಂದರು.

"ನಮ್ಮನೆ ಮದ್ವೆ ಅಂದ್ರೆ ಸುಮ್ನೆನಾ ಅಜ್ಜಿ!" ಎಂದೆ. ಆಗಲೂ ನನಗೆ ಹೊಳೆಯಲಿಲ್ಲ!

ಉಳಿದ ಮೂಟೆಗಳು ನಮ್ಮವೇ ತಾನೇ ಎಂದು ಆಟೋಗೆ ಹೇರಿದೆ. ಎತ್ತಲು ಆಗುತ್ತಿರಲಿಲ್ಲ. ಊಟದಲ್ಲಿ ನನಗೆ ಪಾಯಸ ಜಾಸ್ತಿಯಾಗಿದೆ ಎಂದುಕೊಂಡೆ.

ಬಸ್ ನಿಲ್ದಾಣದ ಬಳಿ ಗುಂಪಿನ ಮುಖ್ಯಸ್ಥೆ ಸೆಲ್ವಿಯಕ್ಕ ಮೇಜಿಗೆ ಬಟ್ಟೆ ಹಾಸಿ ಕಾಯುತ್ತಿದ್ದರು. ಚೀಲ ಬಿಚ್ಚಿದರು. ತೆಂಗಿನಕಾಯಿ! ಇನ್ನೊಂದು ಬಿಚ್ಚಿದರು. ತೆಂಗಿನಕಾಯಿ!

"ಏನಣ್ಣಾ ಇದು? ಟ್ಯಾಂಕು ಇನ್ನೂ ಬಂದೇ ಇಲ್ಲ, ಅದ್ಕೆ ಮುಂಚೇನೇ ಕಾಯಿ ಒಡಿಯಾಕೆ ತಂದ್ಯಾ?"

ನನ್ನ ಜೊತೆ ಆಟೋದಲ್ಲಿ ಬಂದಿದ್ದ ಮಾದೇವಿಗೆ ತಕ್ಷಣ ಅರ್ಥವಾಯಿತು. "ಬಿಸಿ ಪಾಕ ಮುಟ್ಟಿ ಮುಟ್ಟಿ ನನ್ ಅಂಗೈ ಇನ್ನೂ ಉರೀತೈತೆ. ನೀನು ಕೈ ಮುಗ್ದು ಮುಗ್ದು ಊರ್ಗೆಲ್ಲ ಕೊಟ್ಬುಟ್ಯಾ? ಇನಿಯಾಗೆ ಏನ್ ಯೋಳ್ತೀಯಾ?"

ನಾನು ಓಡಿದೆ. ಮೆಟ್ಟೂರು ಬಸ್ಸು ಹೊರಡುತ್ತಿತ್ತು. ಹಾರಿ ಹತ್ತಿದೆ. ಅದೇ ಅಜ್ಜಿ ಲಾಡು ಮೆಲ್ಲುತ್ತಿದ್ದರು.

"ಅಜ್ಜೀ, ಆ ಚೀಲ ಸ್ವಲ್ಪ ವಾಪಸ್..."

ಬಸ್ಸಿಗೆ ಬಸ್ಸೇ ನನ್ನತ್ತ ತಿರುಗಿತು. ಅಜ್ಜಿ ಗದರಿದರು: "ಅಯ್ಯೋ ಕಡವುಳೇ! ಕೊಟ್ಟ ತಾಂಬೂಲ ಯಾರಾನಾ ವಾಪಸ್ ಕೇಳ್ತಾರಾ? ಮದ್ವೆಯಾದ ಮಗು ಚೆಂದಾಗಿರಾದು ಬ್ಯಾಡ್ವಾ ನಿಂಗೆ?"

"ಎರಂಗುಂಗಣ್ಣೇ," ಎಂದು ತಮಿಳಿನಲ್ಲಿ ಇಳಿಯಲು ಹೇಳಿ ಕಂಡಕ್ಟರ್ ಸೀಟಿ ಊದಿದ. ಇಳಿದೆ. ನಾನು ಇಳಿಯಬಹುದಾದಷ್ಟೂ ಇಳಿದಿದ್ದೆ.

ಕೊನೆಗೆ ಮಂಟಪಕ್ಕೆ ಹೋಗಿ ಚಿಕ್ಕಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರು ಟವೆಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಹೇಳಿದರು: "ನನ್ ಬಾಗ್ಲಾಗೆ ನಿಂತು ಕೊಟ್ಟ ಮ್ಯಾಲೆ ಅದು ನಂದೇ ತಾಂಬೂಲ, ಮಾಪ್ಳೆ. ಮಕ್ಕಳ ನೀರಿನ ದುಡ್ಡಲ್ಲಿ ನನ್ ಮಗಳ ಮದ್ವೆ ನಡೀಬೇಕಾ? ಪೂರಾ ನಾನೇ ಕೊಡ್ತೀನಿ. ನನ್ ಕಾಯಿ ಮಾತ್ರ ನಂಗೆ ತಂದಾಕು."

ಇಂಥವರನ್ನು ಜಿಪುಣ ಎಂದುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು. ಕಣ್ಣು ತುಂಬಿ ಬಂತು.

ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಊರಿಗೆ ಮರಳುವ ಬಸ್ಸಿನಲ್ಲಿ, "ನೋಡಿದ್ಯಾ, ಅಂಗಡಿನೇ ಆಕ್ದೆ ಎಲ್ಲಾ ಮಾರ್ಬುಟ್ಟೆ!" ಎಂದೆ. ಮಾದೇವಿ ಕಿಟಕಿಯ ಕಡೆ ತಿರುಗಿದಳು. ಮಾರಂಡಹಳ್ಳಿ ಬರುವವರೆಗೂ ಈ ಕಡೆ ತಿರುಗಲಿಲ್ಲ.

ಟ್ಯಾಂಕ್ ಬಂತು. ಇನ್ನು ಮುಂದೆ ಯಾವ ಸಾಮಾನನ್ನೂ ನನ್ನ ಕೈಗೆ ಕೊಡತಕ್ಕದ್ದಲ್ಲ ಎಂದು ಪೋಷಕರ ವಾಟ್ಸಾಪ್ ಗುಂಪು ಸರ್ವಾನುಮತದಿಂದ ನಿರ್ಣಯಿಸಿತು. ನೀರು ಬಿಡುವ ದಿನ ಎಲ್ಲರಿಗೂ ಒಂದೊಂದು ಕೆಲಸವಿತ್ತು. ನನ್ನನ್ನು ಟ್ಯಾಂಕಿನ ಪಕ್ಕ ನಿಲ್ಲಿಸಿದರು. ಅದನ್ನು ಯಾರಿಗೂ ಎತ್ತಿ ಕೊಡಲಾಗುವುದಿಲ್ಲವಲ್ಲ!

ಇನಿಯಾ ಹೊಸ ನಲ್ಲಿಯಲ್ಲಿ ಬಾಟಲಿ ತುಂಬಿ ಗಟಗಟ ಕುಡಿದಳು. ನನಗೆ ಎದೆ ತುಂಬಿತು. "ಕೊಡು ಕಂದಾ, ಬಾಟ್ಲು ನಾನು ಇಟ್ಕೊಂಡಿರ್ತೀನಿ," ಎಂದು ಕೈ ಚಾಚಿದೆ.

ಅವಳು ಬಾಟಲಿಯನ್ನು ಎದೆಗೆ ಅವುಚಿಕೊಂಡಳು.

"ಬ್ಯಾಡಪ್ಪಾ. ನೀನು ಯಾರ್ಗಾನಾ ಕೊಟ್ಬುಡ್ತೀಯಾ."